ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ

ಕನ್ನಡದ ‘ಬೆಳ್ಳಿ’, ತಮಿಳಿನ ‘ವೆಳ್ಳಿ’, ತೆಲುಗಿನ ‘ವೆಂಡಿ’ ಈ ಮೂರೂ ಪದಗಳು ಬಿಳುಪನ್ನು ಸೂಚಿಸುವ ಒಂದೇ ದ್ರಾವಿಡ ಮೂಲದಿಂದ ಹುಟ್ಟಿದವು. ಈ ಮೂರು ನುಡಿಗಳೂ ಬೆರೆತು ಬಾಳುವ ಹೊಸೂರು ಸೀಮೆಯ ಅವಲಪಲ್ಲಿಯಂತಹ ಊರುಗಳಲ್ಲಿ ಯಾವ ನುಡಿಯಲ್ಲಿ ಕರೆದರೂ ಈ ಲೋಹಕ್ಕೆ ಹೆಸರು ಬಣ್ಣದಿಂದಲೇ ಬಂದಿದೆ. ಆದರೆ ಬಣ್ಣವೊಂದನ್ನೇ ನೆಚ್ಚಿ ಹಳೆಯ ನಾಣ್ಯಗಳನ್ನು ಮಾರುವವರೂ ಕೊಳ್ಳುವವರೂ ನಷ್ಟಕ್ಕೆ ಗುರಿಯಾಗುತ್ತಾರೆ.

‘ರೂಪಾಯಿ’ ಎಂಬ ಪದವೂ ಬೆಳ್ಳಿಯ ನಂಟುಳ್ಳದ್ದೇ. ಅದರ ಮೂಲ ಸಂಸ್ಕೃತದ ‘ರೂಪ್ಯ’. 1835ರ ನಾಣ್ಯ ಕಾಯಿದೆಯು ಕಂಪನಿ ಆಳ್ವಿಕೆಯ ರೂಪಾಯಿಗೆ ಒಂದು ತೊಲ, ಎಂದರೆ 11.66 ಗ್ರಾಂ ತೂಕವನ್ನು ಗೊತ್ತುಪಡಿಸಿತು. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಅಚ್ಚ ಬೆಳ್ಳಿ; ಗಟ್ಟಿತನಕ್ಕಾಗಿ ಬೆರೆಸಿದ್ದು ಉಳಿದ ಒಂದು ಪಾಲು. ವಿಕ್ಟೋರಿಯಾ ರಾಣಿಯ ರೂಪಾಯಿಯೊಂದರಲ್ಲಿ ಸುಮಾರು 10.69 ಗ್ರಾಂ ಬೆಳ್ಳಿಯಿದೆ. ಈ ಪ್ರಮಾಣ ಒಂದು ಶತಮಾನಕ್ಕೂ ಹೆಚ್ಚು ಕಾಲ ಬದಲಾಗಲಿಲ್ಲ.

ಎರಡನೆಯ ಮಹಾಯುದ್ಧ ಈ ಲೆಕ್ಕವನ್ನು ಕೆಡಿಸಿತು. 1940ರಿಂದ ಟಂಕಿಸಿದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ಶೇಕಡಾ 40 ತಾಮ್ರ, ತಲಾ 5 ನಿಕ್ಕಲ್ ಮತ್ತು ಸತು ಸೇರಿದವು. ಹುಲಿಯ ಚಿತ್ರವುಳ್ಳ 1947ರ ರೂಪಾಯಿಯಲ್ಲಂತೂ ಬೆಳ್ಳಿಯ ಅಂಶವೇ ಇಲ್ಲ. ಅದು ಅಪ್ಪಟ ನಿಕ್ಕಲ್. ಆರನೆಯ ಜಾರ್ಜ್ ದೊರೆಯ ಮುಖವೇ ಇರುವ ಮೂರು ನಾಣ್ಯಗಳಲ್ಲಿ ಒಂದು ಬಹುಪಾಲು ಬೆಳ್ಳಿ, ಇನ್ನೊಂದು ಅರ್ಧ ಬೆಳ್ಳಿ, ಮತ್ತೊಂದು ಬೆಳ್ಳಿಯೇ ಅಲ್ಲ. ಆದುದರಿಂದ ಮುಖಕ್ಕಿಂತ ಇಸವಿಯನ್ನು ಮೊದಲು ನೋಡಬೇಕು. ಇಂದು ನಾವು ಬಳಸುವ ಒಂದು ರೂಪಾಯಿ ನಾಣ್ಯವು ಕ್ರೋಮಿಯಂ ಬೆರೆತ ಉಕ್ಕು.

ಇನ್ನು, ಮದುವೆ ಗೃಹಪ್ರವೇಶಗಳಲ್ಲಿ ಉಡುಗೊರೆಯಾಗಿ ಬರುವ ಕುಂಕುಮದ ಭರಣಿ, ದೀಪ, ತಟ್ಟೆಗಳ ಮಾತು. ‘ಜರ್ಮನ್ ಸಿಲ್ವರ್’ ಎಂಬುದು ತಾಮ್ರ, ನಿಕ್ಕಲ್, ಸತುಗಳ ಮಿಶ್ರಲೋಹ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಒಡಲಿನಲ್ಲಿಲ್ಲ. ತಾಮ್ರದ ಕೆಂಪನ್ನು ನಿಕ್ಕಲ್ ಅಡಗಿಸುವುದರಿಂದ ಅದಕ್ಕೆ ಬಿಳುಪು ಬರುತ್ತದೆ. ಉಡುಗೊರೆಗೆ ಅದು ಸಲ್ಲುವ ವಸ್ತುವೇ. ಬೆಳ್ಳಿಯ ಬೆಲೆಗೆ ಮಾರಿದಾಗ ಮಾತ್ರ ವಂಚನೆ.

ಪರೀಕ್ಷೆಗೆ ಅಯಸ್ಕಾಂತ ಮೊದಲ ಮೆಟ್ಟಿಲು. ನಿಕ್ಕಲ್ ರೂಪಾಯಿಯೂ ಇಂದಿನ ಉಕ್ಕಿನ ನಾಣ್ಯವೂ ಅದಕ್ಕೆ ಅಂಟುತ್ತವೆ; ಬೆಳ್ಳಿ ಅಂಟದು. ಆದರೆ ಜರ್ಮನ್ ಸಿಲ್ವರ್ ಕೂಡ ಸಾಮಾನ್ಯವಾಗಿ ಅಂಟುವುದಿಲ್ಲವಾದ್ದರಿಂದ ಅಷ್ಟಕ್ಕೇ ನಿಲ್ಲಲಾಗದು. ಆಗ ಸಾಂದ್ರತೆ ನೆರವಾಗುತ್ತದೆ. ನಾಣ್ಯವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಬಳಿಕ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಬೇಕು. ಮೊದಲ ತೂಕವನ್ನು ನೀರಿನಲ್ಲಿ ಕಡಿಮೆಯಾದ ತೂಕದಿಂದ ಭಾಗಿಸಿದಾಗ ಹಳೆಯ ಬೆಳ್ಳಿ ರೂಪಾಯಿಗೆ ಸುಮಾರು 10.3, ಅರ್ಧ ಬೆಳ್ಳಿಯದಕ್ಕೆ 9.5, ಜರ್ಮನ್ ಸಿಲ್ವರಿಗೆ 8.7ರ ಆಸುಪಾಸಿನ ಸಂಖ್ಯೆ ದೊರೆಯುತ್ತದೆ. ಹೊಸ ಆಭರಣವಾದರೆ ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕನ್ನು ನೋಡಬೇಕು. ಅಲ್ಲಿನ 925 ಎಂಬ ಅಂಕಿಯ ಅರ್ಥ, ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಎಂದು.

ಅಜ್ಜಿಯರು ಕಷ್ಟಕಾಲಕ್ಕೆಂದು ಗಂಟುಕಟ್ಟಿ ಇಟ್ಟ ನಾಣ್ಯಗಳು ಎಷ್ಟೋ ಮನೆಗಳಲ್ಲಿ ಇಂದಿಗೂ ಇವೆ. ಅವನ್ನೆಲ್ಲ ಒಂದೇ ರಾಶಿಯಾಗಿ ತೂಗಿ ಕೊಡುವ ಮುನ್ನ ಇಸವಿಯಂತೆ ಬೇರ್ಪಡಿಸುವುದು ಜಾಣತನ. ಅಕ್ಷರ ಬಲ್ಲ ಮಕ್ಕಳು ಹಿರಿಯರಿಗೆ ಮಾಡಬಹುದಾದ ಸಣ್ಣ ಸಹಾಯವಿದು.