ರಾಣಿಯ ಜಾತ್ರೆಯಲ್ಲಿ ಬಟ್ಟೆ ಒಗೆಯುವವರು

ಕ್ಯಾಲಿಫೋರ್ನಿಯಾದ ರಿನೈಸಾನ್ಸ್ ಜಾತ್ರೆಗೆ ಟಿಕೆಟ್ ಕೊಂಡು ಒಳಹೊಕ್ಕವರ ಕಣ್ಣು ಮೊದಲು ಹುಡುಕುವುದು ರಾಣಿ ಒಂದನೇ ಎಲಿಜಬೆತಳನ್ನು, ಕುದುರೆಯೇರಿ ಈಟಿ ಹಿಡಿದ ಸರದಾರರನ್ನು. ಅವರ ಮೆರವಣಿಗೆ ಹೊತ್ತಿಗೆ ಸರಿಯಾಗಿ ಬಂದು ಹೋಗುತ್ತದೆ. ಉಳಿದ ಹೊತ್ತೆಲ್ಲ ಆ ಬಯಲನ್ನು ಹದಿನಾರನೇ ಶತಮಾನದ ಇಂಗ್ಲಿಷ್ ಹಳ್ಳಿಯಾಗಿ ಉಳಿಸುವವರು ಬೇರೆಯೇ ಮಂದಿ. ಬಾನಿಯಲ್ಲಿ ಬಟ್ಟೆ ಕುಕ್ಕುವವರು, ಉಣ್ಣೆ ನೂಲುವವರು, ಬಟಾಣಿ ಗಂಜಿ ಕಾಯಿಸುವವರು, ಮೀನಿನ ಬೆಲೆಗೆ ಜಗಳ ತೆಗೆಯುವವರು. ವಾರವಿಡೀ ಬೇರೆ ನೌಕರಿ ಮಾಡಿ, ಶನಿವಾರ ಭಾನುವಾರ ಬಂದು ಒಕ್ಕಲು ಮಕ್ಕಳಾಗುವ ಹವ್ಯಾಸಿಗಳಿವರು. ಹೆಚ್ಚಿನವರಿಗೆ ಸಂಬಳವಿಲ್ಲ, ವೇಷದ ಖರ್ಚೂ ಅವರದೇ.

ಇದರ ಮೂಲ ಲಾಸ್ ಏಂಜಲೀಸಿನ ಲಾರೆಲ್ ಕ್ಯಾನ್ಯನ್ ಬಡಾವಣೆಯಲ್ಲಿದೆ. ಶಾಲೆಯ ಅಧ್ಯಾಪಕಿಯಾಗಿದ್ದ ಫಿಲಿಸ್ ಪ್ಯಾಟರ್ಸನ್ ಅಲ್ಲಿ ಮಕ್ಕಳನ್ನು ಸೇರಿಸಿಕೊಂಡು ನಾಟಕ ಕಲಿಸುತ್ತಿದ್ದರು. ಆಕೆ ಆರಿಸಿಕೊಂಡದ್ದು ಇಟಲಿಯ ಕಾಮೆಡಿಯಾ ದೆಲ್ ಆರ್ಟೆಯನ್ನು. ಸಿದ್ಧ ಮಾತುಗಳಿಲ್ಲದೆ, ಪಾತ್ರದ ಸ್ವಭಾವವನ್ನಷ್ಟೇ ಹಿಡಿದು ಅಲ್ಲಲ್ಲೇ ಮಾತು ಕಟ್ಟುವ ಬೀದಿಯಾಟ ಅದು. ಕಮ್ಯುನಿಸ್ಟರೆಂಬ ಶಂಕೆಯಿಂದ ಹಾಲಿವುಡ್ಡಿನ ಕಪ್ಪುಪಟ್ಟಿಗೆ ಸೇರಿ ಕೆಲಸ ಕಳೆದುಕೊಂಡಿದ್ದ ಕಲಾವಿದರೂ ಆ ನೆರೆಹೊರೆಯಲ್ಲಿದ್ದರು. 1963ರ ಮೇ ತಿಂಗಳಲ್ಲಿ ಫಿಲಿಸ್ ಮತ್ತು ಪತಿ ರಾನ್ ಪ್ಯಾಟರ್ಸನ್ ನಾರ್ತ್ ಹಾಲಿವುಡ್ಡಿನ ಒಂದು ರ‍್ಯಾಂಚಿನಲ್ಲಿ ಎರಡು ದಿನದ ಜಾತ್ರೆ ನಡೆಸಿದರು. ಕೇಳುಗರ ದೇಣಿಗೆಯಿಂದಲೇ ಬದುಕಿದ್ದ ಕೆಪಿಎಫ್‌ಕೆ ರೇಡಿಯೊಗೆ ಹಣ ಕೂಡಿಸಬೇಕಿತ್ತು. ಕಮ್ಯುನಿಸ್ಟರ ನಂಟು ಹುಡುಕುತ್ತ ಸೆನೆಟ್ಟಿನ ಉಪಸಮಿತಿಯೊಂದು ಆ ರೇಡಿಯೊ ಬಳಗವನ್ನು ವಿಚಾರಣೆಗೆ ಎಳೆದದ್ದೂ ಅದೇ ವರ್ಷ. ಜಾತ್ರೆಗೆ ಸಾವಿರಾರು ಜನ ಬಂದರು.

1966ರಲ್ಲಿ ಜಾತ್ರೆ ಅಗೌರಾದ ಪ್ಯಾರಾಮೌಂಟ್ ರ‍್ಯಾಂಚಿಗೆ ಹೋಯಿತು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ಸೀಮೆಯಲ್ಲೂ ಒಂದು ಹುಟ್ಟಿತು. ಓಕ್ ಮರಗಳ ನಡುವೆ, ವೇದಿಕೆಯ ಹಂಗಿಲ್ಲದೆ ನೋಡುಗರು ಸುತ್ತಾಡುವ ಜಾಗಗಳಿವು. ಅಲ್ಲಿ ನಾಲ್ಕು ಆಟಗಳಿದ್ದರೆ ಸಾಲದು, ಆಟಗಳ ನಡುವಿನ ದಾರಿಯಲ್ಲೂ ಊರು ಕಾಣಬೇಕು. ಹಳ್ಳಿಗರ ತಂಡಗಳು ಬೇಕಾದದ್ದು ಇದಕ್ಕೆ. ಪಾತ್ರಧಾರಿಗಳು ಗಿಲ್ಡುಗಳೆಂಬ ತಂಡಗಳಾಗಿ ಕೂಡಿಕೊಂಡರು. ಜಾತ್ರೆಗೆ ಮುಂಚಿನ ವಾರಾಂತ್ಯಗಳಲ್ಲಿ ಹಳೆಯ ಇಂಗ್ಲಿಷಿನ ಧಾಟಿ, ನಡೆನುಡಿ, ಕುಣಿತ, ಉಡುಗೆಯ ಕಮ್ಮಟಗಳು ನಡೆದವು.

ಅದೇ 1966ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ ಎಂಬ, ಹಳೆಯ ಕಾಲದ ಬದುಕನ್ನು ಆಡಿ ನೋಡುವ ಕೂಟದಲ್ಲಿ ಸೇರಿದವರೆಲ್ಲ ಕುಲೀನರೆಂದೇ ಲೆಕ್ಕ. ಕನಸು ಕಾಣುವಾಗ ದೊರೆಯಾಗುವುದು ಸಹಜವೇ. ಆದರೆ ಜಾತ್ರೆಯಲ್ಲಿ ಸರಿಗೆಯ ಉಡುಪು ಎದುರಿಗಿರುವಾಗ ಒರಟು ಉಣ್ಣೆಯ ಲಂಗ ಆರಿಸಿಕೊಂಡವರ ಮೇಲೆ ನನಗೆ ಹೆಚ್ಚು ಅಕ್ಕರೆ. ಅವರ ದಾರಿ ಕಷ್ಟದ್ದು. ರಾಣಿಯ ಮುತ್ತುಗಳನ್ನು ಚಿತ್ರಪಟ ನೋಡಿ ಎಣಿಸಬಹುದು. ಬಟ್ಟೆ ಒಗೆಯುವವಳ ಚಿತ್ರವನ್ನು ಯಾರು ಹಣ ಕೊಟ್ಟು ಬರೆಸಿಯಾರು?

ಅವಳನ್ನು ಇಂಗ್ಲೆಂಡಿನ ಹಳೆಯ ಕಾಗದಗಳಲ್ಲಿ ಹುಡುಕಬೇಕು. ಹೆಸರುಗಳು 1538ರಿಂದ ಚರ್ಚುಗಳು ಇಡತೊಡಗಿದ ನಾಮಕರಣ, ಮದುವೆ, ಮಣ್ಣಿನ ದಾಖಲೆಗಳಲ್ಲಿ ಸಿಗುತ್ತವೆ: ಜೋನ್, ಆಗ್ನೆಸ್, ಆಲಿಸ್, ಜಾನ್, ಥಾಮಸ್. ಮನೆಯೊಳಗಿನ ಸಾಮಾನು, ಸತ್ತವರ ಆಸ್ತಿಗೆ ಬೆಲೆ ಕಟ್ಟಲು ನೆರೆಯವರು ಬರೆದ ಪಟ್ಟಿಗಳಲ್ಲಿದೆ. ಹಿತ್ತಾಳೆಯ ಪಾತ್ರೆ, ಹಾಸಿಗೆ, ಒಂದು ಹಸು, ಕೊಟ್ಟಿಗೆಯ ಹುಲ್ಲು, ಎಲ್ಲಕ್ಕೂ ಬೆಲೆಯುಂಟು. ಟೋಪಿಗಂತೂ ಒಂದು ಕಾಯಿದೆಯೇ ಇತ್ತು. ಇಂಗ್ಲೆಂಡಿನ ಟೋಪಿ ಹೆಣೆಯುವವರ ಹೊಟ್ಟೆಪಾಡು ಉಳಿಸಲು 1571ರಲ್ಲಿ ಸಂಸತ್ತು ಒಂದು ಕಟ್ಟಳೆ ಮಾಡಿತು. ಕುಲೀನರು, ಅವಿವಾಹಿತೆಯರು ಮುಂತಾದವರನ್ನು ಬಿಟ್ಟು ಆರು ವರ್ಷ ದಾಟಿದವರೆಲ್ಲ ಭಾನುವಾರ ಮತ್ತು ಹಬ್ಬದ ದಿನ ಉಣ್ಣೆಯ ಟೋಪಿ ತೊಡಬೇಕು, ತಪ್ಪಿದರೆ ದಿನಕ್ಕೆ 3 ಶಿಲ್ಲಿಂಗ್ 4 ಪೆನ್ಸ್ ದಂಡ. 1597ರಲ್ಲಿ ಕಟ್ಟಳೆ ರದ್ದಾಯಿತು. ಇಂದು ಜಾತ್ರೆಯ ಹಳ್ಳಿಗನ ತಲೆಯ ಮೇಲಿರುವ ಚಪ್ಪಟೆ ಟೋಪಿಯ ಹಿಂದೆ ಇಷ್ಟು ಕಥೆಯಿದೆ.

ಕಾಳಜಿಯುಳ್ಳ ತಂಡದಲ್ಲಿ ಉಡುಗೆ ಒಳಗಿನಿಂದ ಶುರುವಾಗುತ್ತದೆ. ಮೈಗೆ ತಾಗುವಂತೆ ನಾರಗಸೆಯ ಒಳಅಂಗಿ, ಮೇಲೆ ಕರ್ಟಲ್ ಎಂಬ ಉಣ್ಣೆಯ ನಿಲುವಂಗಿ, ಏಪ್ರನ್, ಕೂದಲು ಮುಚ್ಚುವ ಬಿಳಿ ಕುಲಾವಿ. ಜಿಪ್ಪಿಲ್ಲ, ಕೈಗಡಿಯಾರವಿಲ್ಲ. ಬಣ್ಣಗಳು ಮ್ಯಾಡರ್ ಬೇರಿನ ಕೆಂಪು, ವೋಡ್ ಸೊಪ್ಪಿನ ನೀಲಿ, ವೆಲ್ಡ್ ಗಿಡದ ಹಳದಿ. ಕ್ಯಾಲಿಫೋರ್ನಿಯಾದ ಬಿಸಿಲಲ್ಲಿ ಆ ನಾರುಬಟ್ಟೆ ಬೆವರು ಹೀರಿಕೊಳ್ಳುತ್ತದೆ. ಒಲೆಯ ಪಕ್ಕ ಕೂತವರಿಗೆ ಉಣ್ಣೆ ಕ್ಷೇಮ. ಪಾಲಿಯೆಸ್ಟರಾದರೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಇನ್ನು ಆಟ. ರಾಣಿಯ ಪಲ್ಲಕ್ಕಿ ಬಂದಾಗ ಇವರು ಒಗೆಯುವುದನ್ನು ಬಿಟ್ಟು ಮಂಡಿಯೂರುತ್ತಾರೆ, ಗಂಡಸರು ಟೋಪಿ ತೆಗೆಯುತ್ತಾರೆ. ಪಕ್ಕದಲ್ಲಿ ಐಸ್‌ಕ್ರೀಮ್ ಹಿಡಿದು ನಿಂತವರೂ ಅವರನ್ನು ನೋಡಿ ತಲೆ ಬಾಗಿಸುತ್ತಾರೆ. ಅಲ್ಲಿಯವರೆಗೆ ಚೆಂದದ ಬಟ್ಟೆಯ ಹೆಂಗಸಾಗಿದ್ದವಳು ಆ ಗಳಿಗೆಯಲ್ಲಿ ರಾಣಿಯಾಗುತ್ತಾಳೆ. ಅವಳ ದರ್ಪವೆಲ್ಲ ಮಂಡಿಯೂರಿದವರ ಕೈಯಲ್ಲಿದೆ.

ದಕ್ಷಿಣ ಕ್ಯಾಲಿಫೋರ್ನಿಯಾದ ಆ ಮೊದಲ ಜಾತ್ರೆ 2005ರಿಂದ ಇರ್ವಿಂಡೇಲಿನ ಸಾಂಟಾ ಫೆ ಅಣೆಕಟ್ಟಿನ ಬಯಲಲ್ಲಿ, ವಸಂತದ ವಾರಾಂತ್ಯಗಳಲ್ಲಿ ನಡೆಯುತ್ತಿದೆ. ಅಮೆರಿಕದ ಉದ್ದಗಲಕ್ಕೂ ಇಂಥ ಜಾತ್ರೆಗಳು ಹಬ್ಬಿವೆ. ಆದರೆ ಅವು ತೋರಿಸುವ ಹಳ್ಳಿಯಲ್ಲಿ ಸುಗ್ಗಿಯೇ ಹೆಚ್ಚು, ಬರ ಕಡಿಮೆ. 1594ರಿಂದ 1597ರವರೆಗೆ ಇಂಗ್ಲೆಂಡಿನಲ್ಲಿ ಸಾಲಾಗಿ ಬೆಳೆ ಕೆಟ್ಟಿತ್ತು. ಅದಕ್ಕೂ ಮುಂಚಿನ ಬರಗಾಲಗಳಲ್ಲಿ ಬಡವರು ಅವರೆಜಾತಿಯ ಕಾಳು, ಬಟಾಣಿ, ಓಟ್ಸ್ ಬೆರೆಸಿ, ಕೆಲವೊಮ್ಮೆ ಓಕ್ ಮರದ ಕಾಯಿಯನ್ನೂ ಸೇರಿಸಿ ರೊಟ್ಟಿ ಸುಡುತ್ತಿದ್ದುದನ್ನು ಎಲಿಜಬೆತ್ ಕಾಲದವನೇ ಆದ ವಿಲಿಯಂ ಹ್ಯಾರಿಸನ್ ಬರೆದಿಟ್ಟಿದ್ದಾನೆ. ಹಳ್ಳಿಗರ ತಂಡಗಳು ಒಂದು ಮಧ್ಯಾಹ್ನವಾದರೂ ಆ ರೊಟ್ಟಿ ಸುಟ್ಟು, ನೋಡಲು ಬಂದ ಮಕ್ಕಳ ಕೈಗೆ ಒಂದೊಂದು ಚೂರು ಕೊಡಲಿ ಎಂಬುದು ನನ್ನ ಆಸೆ.