ಬೂಷ್ಟು ಹಿಡಿಯುವ ವಿಷ

ಮಳೆಗಾಲ ಬಂತು. ಸಂಡೂರಿನ ಗುಡ್ಡಗಳಿಂದ ಕೆಂಪು ನೀರು ಇಳಿಯುತ್ತದೆ. ಹಳ್ಳ ಕೆಂಪು. ಕೆರೆ ಕೆಂಪು. ತೋರಣಗಲ್ಲಿನ ಸುತ್ತಮುತ್ತ ಇರುವ ಅಕ್ಕಂದಿರಿಗೆ ಇದು ಹೊಸದಲ್ಲ. ನಮ್ಮ ಗುಡ್ಡದಲ್ಲಿ ಕಬ್ಬಿಣದ ಅದಿರು ಇದೆ. ಮ್ಯಾಂಗನೀಸ್ ಅದಿರೂ ಇದೆ. ಅದಿರಿನ ಮಣ್ಣು ನೀರಿಗೆ ಬಣ್ಣ ಕೊಡುತ್ತದೆ.

ಕೆಂಪು ನೀರನ್ನು ಕೊಡದಲ್ಲಿ ಇಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ. ಮೇಲೆ ನೀರು ತಿಳಿಯಾಗುತ್ತದೆ. ತಿಳಿಯಾದ ನೀರೆಲ್ಲ ಒಳ್ಳೆಯದೇ? ಅಲ್ಲ.

ಕಾಣದ ವಿಷ

ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇವು ಭಾರ ಲೋಹಗಳು. ಆರ್ಸೆನಿಕ್ ಎಂಬ ಪಾಷಾಣವೂ ಇವುಗಳ ಜೊತೆಗಾರ. ಇವು ನೀರಿನಲ್ಲಿ ಕರಗಿದರೆ ಕಣ್ಣಿಗೆ ಕಾಣುವುದಿಲ್ಲ. ರುಚಿಯಲ್ಲೂ ಗೊತ್ತಾಗುವುದಿಲ್ಲ. ಗಣಿಯಿಂದ, ಕಾರ್ಖಾನೆಯ ಕೊಳೆ ನೀರಿನಿಂದ, ಹಳೇ ಬ್ಯಾಟರಿ ಒಡೆಯುವ ಜಾಗದಿಂದ ಇವು ಬರಬಹುದು. ಕೆಲವು ಕಡೆ ನೆಲದೊಳಗಿನ ಬಂಡೆಯಿಂದಲೇ ಬರುತ್ತವೆ.

ಯಾದಗಿರಿ ಜಿಲ್ಲೆಯಲ್ಲಿ ಕಿರದಳ್ಳಿ ತಾಂಡಾ ಇದೆ. ಹಳೇ ಚಿನ್ನದ ಗಣಿಯ ಹತ್ತಿರದ ಊರು ಅದು. ಅಲ್ಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಇತ್ತು. ಅದನ್ನು ಕುಡಿದ ಜನರ ಚರ್ಮಕ್ಕೆ ರೋಗ ಬಂತು. 2013ರಲ್ಲಿ ವಿಜ್ಞಾನಿಗಳು ಇದನ್ನು ಬರೆದು ಪ್ರಕಟಿಸಿದರು.

ಸೀಸ ಮಕ್ಕಳ ಮಿದುಳಿಗೆ ಕೆಟ್ಟದ್ದು. ಬಸುರಿಯರಿಗೂ ಕೆಟ್ಟದ್ದು.

"ಅಲ್ಲಕ್ಕ, ನೀರು ಕುದಿಸಿ ಕುಡಿದ್ರೆ ಸಾಕಲ್ಲ?"

"ಕುದಿಸಿದ್ರೆ ರೋಗಾಣು ಸಾಯ್ತಾವೆ. ಲೋಹ ಸಾಯೋದಿಲ್ಲ. ಉಪ್ಪಿನ ನೀರು ಕುದಿಸಿದ್ರೆ ಉಪ್ಪು ಹೋಗುತ್ತಾ? ನೀರು ಹಬೆಯಾಗಿ ಹೋಗ್ತದೆ. ಉಪ್ಪು ಪಾತ್ರೆಯಲ್ಲೇ ಉಳೀತದೆ. ಇದೂ ಹಂಗೇ."

ಬೂಷ್ಟು ಏನು ಮಾಡುತ್ತದೆ?

ತಂಗಳು ರೊಟ್ಟಿಗೆ ಬೂಷ್ಟು ಬರುತ್ತದೆ. ಈರುಳ್ಳಿ ಸಿಪ್ಪೆಯ ಮೇಲೆ ಕಪ್ಪು ಪುಡಿ ಇರುತ್ತದೆ. ಅದೂ ಬೂಷ್ಟೇ. ಅಣಬೆಯೂ ಇದೇ ಜಾತಿ. ಓದಿದವರು ಇದಕ್ಕೆ ಶಿಲೀಂಧ್ರ ಎನ್ನುತ್ತಾರೆ.

ಬೂಷ್ಟಿನ ಮೈ ತುಂಬ ಸಣ್ಣ ಎಳೆಗಳು. ಹೊಲದಲ್ಲಿ ನಡೆದರೆ ಸೀರೆ ಅಂಚಿಗೆ ಉತ್ತರಾಣಿ ಕಾಯಿ ಅಂಟುತ್ತದಲ್ಲ? ಹಾಗೆಯೇ ನೀರಿನ ಲೋಹ ಈ ಎಳೆಗಳ ಹೊರಮೈಗೆ ಅಂಟುತ್ತದೆ. ಬೂಷ್ಟು ಸತ್ತಿದ್ದರೂ ಅಂಟುತ್ತದೆ. ಅದಕ್ಕೇ ವಿಜ್ಞಾನಿಗಳು ಬೂಷ್ಟನ್ನು ಒಣಗಿಸಿ ಪುಡಿ ಮಾಡುತ್ತಾರೆ. ಉದ್ದನೆಯ ಕೊಳವೆಗೆ ತುಂಬುತ್ತಾರೆ. ಕೊಳೆ ನೀರನ್ನು ಅದರೊಳಗೆ ಹರಿಸುತ್ತಾರೆ. ಲೋಹದ ಒಂದು ಪಾಲು ಒಳಗೇ ಉಳಿಯುತ್ತದೆ.

ಈರುಳ್ಳಿಯ ಮೇಲಿನ ಕಪ್ಪು ಬೂಷ್ಟಿನ ಜಾತಿಯಿಂದಲೇ ಕಾರ್ಖಾನೆಗಳಲ್ಲಿ ಸಿಟ್ರಿಕ್ ಆಮ್ಲ ಮಾಡುತ್ತಾರೆ. ಅದು ನಿಂಬೆಹಣ್ಣಿನಲ್ಲಿರುವ ಹುಳಿ. ಕೆಲಸ ಮುಗಿದ ಮೇಲೆ ಉಳಿಯುವ ಬೂಷ್ಟು ಕಸ. ಆ ಕಸವೂ ಲೋಹ ಹಿಡಿಯುತ್ತದೆ. ಆದ್ದರಿಂದ ಖರ್ಚು ಕಡಿಮೆ.

ತಾಮ್ರದ ಚೊಂಬಿನ ಕಿಲುಬು ಹುಣಸೆಹಣ್ಣಿಗೆ ಬಿಡುತ್ತದೆ. ಹಾಗೆಯೇ ಬೂಷ್ಟಿಗೆ ಅಂಟಿದ ಲೋಹ ಹುಳಿ ನೀರಿಗೆ ಬಿಡುತ್ತದೆ. ಲೋಹವನ್ನು ಬೇರೆ ಮಾಡಿ, ಬೂಷ್ಟನ್ನು ಮತ್ತೆ ಬಳಸಬಹುದು.

ಎಚ್ಚರ!

ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಕುಡಿಯುವ ನೀರಿಗೆ ಬೂಷ್ಟು ಹಾಕಬೇಡಿ. ಕೆಲವು ಬೂಷ್ಟು ತಾನೇ ವಿಷ. ಈ ವಿಧಾನ ಇನ್ನೂ ಹೆಚ್ಚಾಗಿ ಪ್ರಯೋಗಾಲಯದಲ್ಲೇ ಇದೆ. ಇದರ ಜಾಗ ಕಾರ್ಖಾನೆಯ ಕೊಳೆ ನೀರು ಹೊರಗೆ ಬರುವ ಬಾಯಿ, ನಮ್ಮ ಕೊಡ ಅಲ್ಲ.

ಇನ್ನೊಂದು ಮಾತು. ಬೂಷ್ಟು ಲೋಹವನ್ನು ಹಿಡಿಯುತ್ತದೆ, ಇಲ್ಲವಾಗಿಸುವುದಿಲ್ಲ. ಲೋಹ ಹಿಡಿದ ಬೂಷ್ಟನ್ನು ತಿಪ್ಪೆಗೆ ಹಾಕಿದರೆ ವಿಷ ಮತ್ತೆ ಹೊಲಕ್ಕೆ ಬರುತ್ತದೆ. ಕೊಳವೆಯಿಂದ ಹೊರಬಂದ ನೀರನ್ನೂ ಪರೀಕ್ಷೆ ಮಾಡಲೇಬೇಕು.

ನಾವೇನು ಮಾಡಬಹುದು?

ಮೊದಲು ನೀರು ಪರೀಕ್ಷೆ ಮಾಡಿಸಿ. ಜಲಜೀವನ್ ಮಿಷನ್ 2019ರಲ್ಲಿ ಶುರುವಾಯಿತು. ಪ್ರತಿ ಊರಿನ 5 ಮಂದಿ ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಎಂದು ಅದರಲ್ಲಿದೆ. ನಿಮ್ಮೂರಲ್ಲಿ ಆ 5 ಮಂದಿ ಯಾರು? ಪಂಚಾಯಿತಿಯಲ್ಲಿ ಕೇಳಿ.

ಆದರೆ ಊರಲ್ಲಿ ಕೊಡುವ ಸಾಮಾನ್ಯ ಕಿಟ್‌ನಲ್ಲಿ ಸೀಸ ಗೊತ್ತಾಗುವುದಿಲ್ಲ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕು. "ಭಾರ ಲೋಹಕ್ಕೂ ಪರೀಕ್ಷೆ ಮಾಡ್ಸಿ" ಎಂದು ಗ್ರಾಮಸಭೆಯಲ್ಲಿ ಕೇಳಿ. ಅರ್ಜಿ ಬರೆದು ಕೊಡಿ.

ಪರೀಕ್ಷೆಯ ಕಾಗದ ಬಂದಾಗ ನೀವೇ ಓದಿ. ಒಂದು ಲೀಟರ್ ನೀರಿನಲ್ಲಿ ಸೀಸ 0.01 ಮಿಲಿಗ್ರಾಂ ದಾಟಬಾರದು. ಆರ್ಸೆನಿಕ್ ಕೂಡ ಅಷ್ಟೇ. ಅಂದರೆ ಒಂದು ಲಕ್ಷ ಲೀಟರ್ ನೀರಿಗೆ 1 ಗ್ರಾಂ. ಅಷ್ಟು ಸಣ್ಣ ಲೆಕ್ಕ! ಅದು ದಾಟಿದ್ದರೆ ಆ ನೀರು ಕುಡಿಯಬೇಡಿ, ಅಡಿಗೆಗೂ ಬಳಸಬೇಡಿ. ಬೇರೆ ನೀರು ಕೊಡಿ ಎಂದು ಪಂಚಾಯಿತಿಯನ್ನು ಕೇಳಿ.

ಕಣ್ಣಿಗೆ ಕಾಣದ ವಿಷ ಕಾಗದದ ಮೇಲೆ ಕಾಣುತ್ತದೆ. ಆ ಕಾಗದ ಓದಲು ಈಗ ನಮಗೆ ಬರುತ್ತದೆ.