ತೋಟದ ಮನೆಗಳಿಗೆ ಬಿಸಿಲು ಗಾಳಿಗಳಿಂದ ವಿದ್ಯುಚ್ಛಕ್ತಿ

ವಿದ್ಯುತ್ತಿನ ತಂತಿ ಮುಟ್ಟದ ತೋಟದ ಮನೆಗಳಲ್ಲಿ ದೀಪಕ್ಕೂ ಸಣ್ಣ ಪಂಪಿಗೂ ಬಿಸಿಲು ಗಾಳಿಗಳೆರಡನ್ನೂ ಕೂಡಿಸಿ ಉಪಯೋಗಿಸಬಹುದೇ ಎಂದು ಜಮೀನುದಾರರು ಕೇಳುವುದುಂಟು. ಚಿತ್ರದುರ್ಗ, ಗದಗ ಮುಂತಾದ ಸೀಮೆಗಳ ಬಯಲು ದಿಣ್ಣೆಗಳಲ್ಲಿ ಇದು ಯುಕ್ತವಾದುದೇ ಸರಿ. ಅಲ್ಲಿ ಮಾಘದಿಂದ ಚೈತ್ರದವರೆಗೆ ಬಿಸಿಲು ಪ್ರಖರವಾಗಿದ್ದು ಗಾಳಿಯು ಮಂದವಾಗಿರುವುದು. ಆಷಾಢ ಶ್ರಾವಣಗಳಲ್ಲಿ ಮೋಡ ಕವಿದು ಬಿಸಿಲು ಕುಗ್ಗಿದಾಗ ಪಡುವಣ ಗಾಳಿಯು ಬಲವಾಗಿ ಬೀಸುವುದು. ಒಂದರ ಕೊರತೆಯನ್ನು ಮತ್ತೊಂದು ತುಂಬುವುದರಿಂದ ಬ್ಯಾಟರಿಗಳು ಬರಿದಾಗುವ ದಿನಗಳು ಕಡಿಮೆಯಾಗುವುವು.

ಆದರೆ ಗಾಳಿಯಂತ್ರವನ್ನು ಕೊಳ್ಳುವ ಮುನ್ನ ಸ್ಥಳವನ್ನು ಪರೀಕ್ಷಿಸತಕ್ಕದ್ದು. ಗಾಳಿಯ ವೇಗವು ಅರ್ಧಕ್ಕೆ ಇಳಿದರೆ ಅದರ ಶಕ್ತಿಯು 8ರಲ್ಲಿ 1 ಪಾಲಿಗೆ ಇಳಿಯುವುದು. ಆದುದರಿಂದ ಸುತ್ತಲೂ 300 ಅಡಿ ದೂರದೊಳಗಿನ ಮರ ಮನೆಗಳಿಗಿಂತ 30 ಅಡಿಯಾದರೂ ಮೇಲೆ ಯಂತ್ರವು ತಿರುಗುವಂತೆ ಕಂಬವನ್ನು ನಿಲ್ಲಿಸಬೇಕು. ತೆಂಗು ಅಡಿಕೆಗಳ ನಡುವೆ ಗಿಡ್ಡ ಕಂಬವನ್ನು ನೆಟ್ಟರೆ ಹಣವು ವ್ಯರ್ಥ. ಅಂತಹ ಕಡೆ ಬಯಲಿನಲ್ಲಿ ಸೌರಫಲಕಗಳನ್ನೇ ಹೆಚ್ಚಿಸುವುದು ಲೇಸು.

ಫಲಕಗಳನ್ನು ದಕ್ಷಿಣಾಭಿಮುಖವಾಗಿ, ಸುಮಾರು 15 ಡಿಗ್ರಿ ಓರೆಯಾಗಿ, ನೆರಳು ಬೀಳದಂತೆ ಇರಿಸಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚಾಗಿ ಬರಿದು ಮಾಡಬಾರದು. ಬ್ಯಾಟರಿಯು ತುಂಬಿದಾಗ ಗಾಳಿಯಂತ್ರದ ತಂತಿಯನ್ನು ಬಿಡಿಸಿದರೆ ಅದು ಮಿತಿಮೀರಿ ತಿರುಗಿ ಮುರಿಯಬಹುದು. ಮಿಕ್ಕ ಶಕ್ತಿಯನ್ನು ನೀರು ಕಾಯಿಸುವುದಕ್ಕೆ ತಿರುಗಿಸುವ ಏರ್ಪಾಡು ಇರಲೇಬೇಕು.

ಒಂದು ವರ್ಷ ಗಾಳಿಯನ್ನು ಅಳತೆಮಾಡಿಸಿದ ಮೇಲೆಯೇ ಹಣ ಹೂಡುವಂತೆ ಗ್ರಾಮದ ಮುಖಂಡರು ರೈತರಿಗೆ ತಿಳಿಯಪಡಿಸಬೇಕಾಗಿ ಕೋರಿದೆ.